ಪ್ರೊನೋಟಿನ ಬಡ್ಡಿ: ಕೊಡೋದು ಜೂನ್‌ದಾಗ, ಮಾರ್ಚ್ 31ಕ್ಕ ಏನು ಬರೀಬೇಕು?

ಬನಹಟ್ಟಿ_ಮಗ್ಗ
ನಮಸ್ಕಾರ್ರಿ. ಬನಹಟ್ಟಿಯ ಒಂದು ಪವರ್‌ಲೂಮ್ ಘಟಕದ 2024-25ರ ಲೆಕ್ಕ ಮುಗಸಾಕತ್ತೀವಿ. ಒಬ್ರ ಮಾಲಕರ ಸಂಸ್ಥೆ. 2023-24ರ ವಹಿವಾಟು 1 ಕೋಟಿ 40 ಲಕ್ಷ ರೂ. ನೂಲು ಖರೀದಿಗಂತ 2024ರ ಡಿಸೆಂಬರ್ 1ಕ್ಕ ಪರಿಚಯದ ವ್ಯಾಪಾರಿ ಒಬ್ರ ಕಡೆ 6,00,000 ರೂ. ಸಾಲ ತಗೊಂಡೈತಿ, ರೊಕ್ಕ ಆರ್‌ಟಿಜಿಎಸ್ ಮ್ಯಾಲ ಬಂದೈತಿ. ಪ್ರೊನೋಟ್ (ಸಾಲ ತೀರಸ್ತೀನಂತ ಬರದು ಕೊಡೋ ವಚನಪತ್ರ) ಬರದ ಕೊಟ್ಟೈತಿ: ಆರು ತಿಂಗಳ ಮುದ್ದತು, ವರ್ಷಕ್ಕ ಶೇ 12 ಬಡ್ಡಿ, ಅಸಲು ಬಡ್ಡಿ ಎಲ್ಲಾ ಕಡೀಕ ಒಮ್ಮೆಲೆ.

ಮಾರ್ಚ್ 31ರ ತನಕ ಒಂದು ಪೈಸೆ ಬಡ್ಡಿ ಕೊಟ್ಟಿಲ್ಲ. "ಕೊಡೋದು ಜೂನ್‌ದಾಗ, ಅವಾಗ ಬರದ್ರಾತು" ಅಂತಾರ ಮಾಲಕರು. ಬ್ಯಾಂಕಿನವರು ಸಿಸಿ (ಕ್ಯಾಶ್ ಕ್ರೆಡಿಟ್ ಸಾಲದ ಖಾತೆ) ನವೀಕರಣಕ್ಕ ಬ್ಯಾಲೆನ್ಸ್ ಶೀಟ್ ಕೇಳ್ಯಾರ. ಈ ಬಡ್ಡಿ ಈ ವರ್ಷ ಬರೀಬೇಕೋ ಬ್ಯಾಡೋ? ಬರೀಬೇಕಂದ್ರ ಎಷ್ಟು, ಟ್ಯಾಲಿ ಲೆಕ್ಕದ ಸಾಫ್ಟ್‌ವೇರಿನೊಳಗ ಯಾವ ಗ್ರೂಪಿಗೆ?

ಕೀರ್ದಿ_ಖಾತೆ
ಬರೀಲೇಬೇಕ್ರಿ. ಡಿಸೆಂಬರ್‌ದಿಂದ ಮಾರ್ಚ್ ತನಕ ಆ ರೊಕ್ಕ ನಿಮ್ಮ ನೂಲಿನಾಗ ದುಡದೈತಿ, ಅದರಿಂದ ನೇದ ಸೀರಿ ಮಾರಿದ ಲಾಭ ಈ ವರ್ಷದ ಪುಸ್ತಕಕ್ಕ ಬಂದೈತಿ. ಆ ನಾಲ್ಕು ತಿಂಗಳ ಬಡ್ಡಿಯೂ ಈ ವರ್ಷದ್ದ. ಜೂನ್‌ದಾಗ ಪೂರ್ತಿ 36,000 ಬರದ್ರ ಈ ವರ್ಷದ ಲಾಭ 24,000 ಹೆಚ್ಚು ತೋರಸತೈತಿ, ಮುಂದಿನ ವರ್ಷದ್ದು ಅಷ್ಟ ಕಡಿಮಿ ಆಗತೈತಿ. ಅದರ ಮ್ಯಾಲ, ಕೊಡಬೇಕಾದ 24,000 ರೂ. ಹೊಣೆ ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಾಗ ಕಾಣಂಗೇ ಇಲ್ಲ.

ಮಾಲಕರು ಎಲ್ಲಾ ಲೆಕ್ಕಾನೂ, ಮಾರಾಟ ಖರೀದಿ ಸಹಿತ, ರೊಕ್ಕ ಕೈ ಬದಲಾದಾಗ ಮಾತ್ರ ಬರಿಯೋ ಪದ್ಧತಿ ಪ್ರತಿ ವರ್ಷ ಪಾಲಿಸಿದ್ರ ಅವರ ಮಾತು ನಡೀತಿತ್ತು. ನೂಲಿನ ಉದ್ರಿ ಖರೀದಿ ಬಿಲ್ಲಿನ ದಿನ ಬರದು, ಬಡ್ಡಿ ಮಾತ್ರ ಕೊಟ್ಟ ದಿನ ಬರೀತೀನಿ ಅಂದ್ರ ಎರಡು ಪದ್ಧತಿ ಕಲಸಿದಂಗ ಆತು. ಆದಾಯ ತೆರಿಗೆ ಕಾಯ್ದೆಯ 145ನೇ ಕಲಂ ಅದಕ್ಕ ಒಪ್ಪಂಗಿಲ್ಲ.

ಲೆಕ್ಕ ಹಿಂಗ: 6,00,000ಕ್ಕ ಶೇ 12 ಅಂದ್ರ ವರ್ಷಕ್ಕ 72,000, ತಿಂಗಳಿಗೆ 6,000, ನಾಲ್ಕು ತಿಂಗಳಿಗೆ 24,000. ಡಿಸೆಂಬರ್ 1ರ ಎಂಟ್ರಿ, ಬ್ಯಾಂಕ್ ಡೆಬಿಟ್ 6,00,000, ಪ್ರೊನೋಟ್ ಸಾಲ ಕ್ರೆಡಿಟ್ 6,00,000. ಮಾರ್ಚ್ 31ಕ್ಕ ಎಫ್7 ಒತ್ತಿ ಜರ್ನಲ್ ವೌಚರ್: ಬಡ್ಡಿ ಖರ್ಚು ಡೆಬಿಟ್ 24,000, ಕೊಡಬೇಕಾದ ಬಡ್ಡಿ ಕ್ರೆಡಿಟ್ 24,000. ಟಿಡಿಎಸ್ (ಕೊಡೋವರೇ ಮೊದಲು ಕಡದು ಸರಕಾರಕ್ಕ ಕಟ್ಟೋ ತೆರಿಗೆ) ಬಂದ್ರ ಈ ಕ್ರೆಡಿಟ್ ಎರಡಾಗಿ ಒಡೀತೈತಿ, ಅದನ್ನ ತಿಳದವರು ಕೆಳಗ ಹೇಳ್ತಾರ.

ಸಾಲದ ಲೆಡ್ಜರ್ 'ಅನ್‌ಸೆಕ್ಯೂರ್ಡ್ ಲೋನ್ಸ್' ಕೆಳಗ ಇಡ್ರಿ. 'ಕೊಡಬೇಕಾದ ಬಡ್ಡಿ' ಅಂತ ಬ್ಯಾರೆ ಲೆಡ್ಜರ್ ತೆರದು 'ಕರೆಂಟ್ ಲಯಬಿಲಿಟೀಸ್' ಕೆಳಗ ಹಾಕ್ರಿ. ಇದನ್ನ 'ಪ್ರಾವಿಜನ್ಸ್' ಒಳಗ ಹಾಕೋರು ಭಾಳ ಮಂದಿ ಅದಾರ, ಅದು ತಪ್ಪು. ಪ್ರಾವಿಜನ್ ಅಂದ್ರ ಮೊತ್ತ ಅಥವಾ ಕೊಡೋ ದಿನ ಖಾತ್ರಿ ಇಲ್ಲದ ಹೊಣೆ, ಅಂದಾಜು ಹಾಕಿ ಬರಿಯೋದು. ಇಲ್ಲಿ ದರ, ದಿನ, ಅಸಲು ಮೂರೂ ಗೊತ್ತು.

ಇನ್ನೊಂದು ತಪ್ಪು ಹೇಳೇ ಬಿಡ್ತೀನಿ: ಬಡ್ಡೀನ ಸಾಲದ ಲೆಡ್ಜರಿಗೇ ಕ್ರೆಡಿಟ್ ಹಾಕೋದು. ಅವಾಗ ಸಾಲ 6,24,000 ತೋರಸತೈತಿ, ಕೊಟ್ಟವರ ಪುಸ್ತಕದಾಗ 6,00,000 ಇರತೈತಿ. ಬಾಕಿ ದೃಢೀಕರಣ ಪತ್ರ ತರಿಸಿದಾಗ ತಾಳೆ ಆಗಂಗಿಲ್ಲ. ಟ್ಯಾಲಿಯ ಬಡ್ಡಿ ಲೆಕ್ಕದ ಸೌಲಭ್ಯ ಆ ಲೆಡ್ಜರಿಗೆ ಚಾಲೂ ಇದ್ರ ಏಪ್ರಿಲ್‌ದಿಂದ ಅದು 6,24,000ದ ಮ್ಯಾಲ ಬಡ್ಡಿ ಎಣಸ್ತೈತಿ. ನೋಟಿನಾಗ ಚಕ್ರಬಡ್ಡಿ ಅಂತ ಬರದಿಲ್ಲದಾಗ ಅದು ತಪ್ಪು ಅಂಕಿ.

ಅಡತಿ_ಅಂಗಡಿ
ಕೀರ್ದಿ ಸಾಹೇಬ್ರ, ತಿಂಗಳ ಲೆಕ್ಕಕ್ಕ 24,000 ಸರಿ. ದಿನದ ಲೆಕ್ಕಕ್ಕ ಹಚ್ಚಿದ್ರ ಬ್ಯಾರೆ ಬರತೈತಲ್ರಿ. ಡಿಸೆಂಬರ್ 31, ಜನವರಿ 31, ಫೆಬ್ರುವರಿ 28, ಮಾರ್ಚ್ 31, ಒಟ್ಟು 121 ದಿನ. 72,000ನ್ನ 121ರಿಂದ ಗುಣಿಸಿ 365ರಿಂದ ಭಾಗಿಸಿದ್ರ 23,868 ರೂ. 49 ಪೈಸೆ. ಕೆಲವರು ರೊಕ್ಕ ಬಂದ ದಿನ ಬಿಟ್ಟು 120 ದಿನ ಹಿಡೀತಾರ, ಅವಾಗ 23,671 ರೂ. 23 ಪೈಸೆ. ಮೂರು ಉತ್ತರ. ಯಾವುದು ಹಿಡೀಬೇಕು?

ಕೀರ್ದಿ_ಖಾತೆ
ಪ್ರೊನೋಟಿನಾಗ ಏನು ಬರದೈತಿ ಅದು. "ಆರು ತಿಂಗಳ ಬಡ್ಡಿ" ಅಂತ ತಿಂಗಳ ಭಾಷೆಯಾಗ ಮುದ್ದತು ಇದ್ರ, ಇಬ್ರೂ ತಿಂಗಳ ಲೆಕ್ಕಕ್ಕ ಒಪ್ಪಿದ್ರ, 24,000. ದಿನದ ಲೆಕ್ಕ ಅಂತ ಬರದಿದ್ರ 121.

120 ಯಾಕ ಅಲ್ಲ ಅಂದ್ರ, ರೊಕ್ಕ ಬಂದ ದಿನ, ತಿರುಗಿ ಕೊಟ್ಟ ದಿನ, ಇವೆರಡರಾಗ ಒಂದನ್ನ ಎಣಸಬೇಕು, ಒಂದನ್ನ ಬಿಡಬೇಕು. ಬಂದ ದಿನ ಎಣಿಸಿ ಕೊಟ್ಟ ದಿನ ಬಿಟ್ರ, ಡಿಸೆಂಬರ್ 1ರಿಂದ ಮಾರ್ಚ್ 31 ಮುಗಿಯೋ ತನಕ 121, ಏಪ್ರಿಲ್ 1ರಿಂದ ಮೇ 31ರ ತನಕ 61, ಕೂಡಿಸಿದ್ರ 182. ಡಿಸೆಂಬರ್ 1ರಿಂದ ಜೂನ್ 1ಕ್ಕ ಅಷ್ಟ ದಿನ ಆಗತಾವ. ಮಾರ್ಚ್‌ದಾಗ 120 ಹಿಡದು ಜೂನ್‌ದಾಗ 61 ಹಿಡದ್ರ ಒಂದು ದಿನದ ಬಡ್ಡಿ, 197 ರೂ. 26 ಪೈಸೆ, ಎರಡೂ ವರ್ಷದಾಗ ಸಿಗದ ಉಳೀತೈತಿ. ಯಾವ ಪದ್ಧತಿ ಹಿಡದ್ರೂ ಎರಡೂ ತುದಿಯಾಗ ಅದನ್ನೇ ಹಿಡೀರಿ.

ಬಡ್ಡಿ ದರ ಬರಿಯೋವಾಗಲೂ ಒಂದು ಎಚ್ಚರ. ನಮ್ಮ ಕಡೆ ಬಾಯಿಮಾತಿನಾಗ "ಒಂದು ರೂಪಾಯಿ ಬಡ್ಡಿ" ಅಂದ್ರ ನೂರಕ್ಕ ತಿಂಗಳಿಗೆ ಒಂದು, ಅಂದ್ರ ವರ್ಷಕ್ಕ ಶೇ 12. "ಎರಡು ರೂಪಾಯಿ" ಅಂದ್ರ ಶೇ 24. ಪ್ರೊನೋಟಿನಾಗ "ಶೇ 2 ಬಡ್ಡಿ" ಅಂತ ಬರದು ತಿಂಗಳಿಗೋ ವರ್ಷಕ್ಕೋ ಬರಿಯದ ಬಿಟ್ಟ ಕಾಗದ ಎಷ್ಟೋ ಇರತಾವ. ಲೆಕ್ಕ ಬರಿಯೋರು ಅದನ್ನ ಊಹೆ ಮಾಡಬಾರದು, ಇಬ್ರ ಕಡೆಯಿಂದ ಬರದು ತಗೋಬೇಕು. ದರಾನೇ ಬರಿಯದಿದ್ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ, 1881ರ 80ನೇ ಕಲಂ ಪ್ರಕಾರ, ಕೊಡಬೇಕಾಗಿದ್ದ ದಿನದಿಂದ ವರ್ಷಕ್ಕ ಶೇ 18.

ಟಿಡಿಎಸ್_ವಿಜಯಪುರ
ಮೇಲಿನ ಎಂಟ್ರಿಗೆ ತೆರಿಗೆ ಕಡಿತ ಸೇರಿಸುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲಿಯೇ. 2024-25ಕ್ಕೆ ಅನ್ವಯಿಸುವ ಆದಾಯ ತೆರಿಗೆ ಕಾಯ್ದೆ, 1961ರ 194ಎ ಪ್ರಕಾರ ಬಡ್ಡಿಯ ಮೇಲೆ ಶೇ 10 ಕಡಿತ. ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬವಾದರೆ, ಹಿಂದಿನ ವರ್ಷದ ವ್ಯಾಪಾರದ ವಹಿವಾಟು 1 ಕೋಟಿ ದಾಟಿದ್ದರೆ ಮಾತ್ರ ಈ ಹೊಣೆ. ನಿಮ್ಮದು 1 ಕೋಟಿ 40 ಲಕ್ಷ, ಹೊಣೆ ಬಂತು. 44ಎಡಿ ಅಡಿಯಲ್ಲಿ ಅಂದಾಜು ಆದಾಯ ತೋರಿಸುವವರೂ ಇದರಿಂದ ಹೊರಗಲ್ಲ.

ಕಡಿತ ಯಾವಾಗ? ಕೊಟ್ಟ ದಿನ ಅಥವಾ ಖಾತೆಗೆ ಕ್ರೆಡಿಟ್ ಮಾಡಿದ ದಿನ, ಎರಡರಲ್ಲಿ ಮೊದಲು ಬರುವುದು. ಲೆಡ್ಜರಿಗೆ ಸಾಲ ಕೊಟ್ಟವರ ಹೆಸರು ಇಡದೆ 'ಕೊಡಬೇಕಾದ ಬಡ್ಡಿ' ಅಂತಲೋ 'ಸಸ್ಪೆನ್ಸ್' ಅಂತಲೋ ಇಟ್ಟರೂ ಅದು ಅವರ ಖಾತೆಗೆ ಕ್ರೆಡಿಟ್ ಮಾಡಿದಂತೆಯೇ ಎಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಹಾಗಾಗಿ ಮಾರ್ಚ್ 31ಕ್ಕೆ ಜರ್ನಲ್ ಬರೆದ ಕ್ಷಣವೇ ಕಡಿತ ಮಾಡಬೇಕು, ಜೂನ್‌ವರೆಗೆ ಕಾಯುವಂತಿಲ್ಲ.

ಆಗ ಜರ್ನಲ್: ಬಡ್ಡಿ ಖರ್ಚು ಡೆಬಿಟ್ 24,000. ಕೊಡಬೇಕಾದ ಬಡ್ಡಿ ಕ್ರೆಡಿಟ್ 21,600, ಟಿಡಿಎಸ್ ಬಾಕಿ ಕ್ರೆಡಿಟ್ 2,400. ಟಿಡಿಎಸ್ ಲೆಡ್ಜರ್ 'ಡ್ಯೂಟೀಸ್ ಅಂಡ್ ಟ್ಯಾಕ್ಸಸ್' ಕೆಳಗೆ. ಮಾರ್ಚ್ ತಿಂಗಳ ಕಡಿತಕ್ಕೆ ಏಪ್ರಿಲ್ 30ರವರೆಗೆ ಸಮಯವಿದೆ, ಉಳಿದ ತಿಂಗಳುಗಳಿಗೆ ಮರುತಿಂಗಳ 7. ನಾಲ್ಕನೇ ತ್ರೈಮಾಸಿಕದ 26ಕ್ಯೂ (ಕಡಿತದ ವಿವರಪಟ್ಟಿ) ಮೇ 31ರೊಳಗೆ, ಸಾಲ ಕೊಟ್ಟವರಿಗೆ 16ಎ (ಕಡಿತದ ಪ್ರಮಾಣಪತ್ರ) ಜೂನ್ 15ರೊಳಗೆ.

ವರ್ಷದ ಬಡ್ಡಿ ಒಂದು ಮಿತಿ ದಾಟಿದರೆ ಮಾತ್ರ ಕಡಿತ. 2024-25ಕ್ಕೆ ಆ ಮಿತಿ 5,000 ರೂ. 2025ರ ಏಪ್ರಿಲ್ 1ರಿಂದ ಅದು 10,000 ಆಗಿದೆ. ಜೂನ್‌ನಲ್ಲಿ ಬರುವ ಉಳಿದ 12,000 ಆ ಹೊಸ ಮಿತಿಯನ್ನೂ ದಾಟುತ್ತದೆ, ಅದರ ಮೇಲೆ 1,200 ಕಡಿತ.

ತಪ್ಪಿದರೆ ಏನಾಗುತ್ತದೆ? ಕಡಿಯದೇ ಇದ್ದ ಅವಧಿಗೆ ತಿಂಗಳಿಗೆ ಶೇ 1, ಕಡಿದು ಕಟ್ಟದ ಅವಧಿಗೆ ತಿಂಗಳಿಗೆ ಶೇ 1.5 ಬಡ್ಡಿ. ತಿಂಗಳ ತುಣುಕನ್ನೂ ಪೂರ್ಣ ತಿಂಗಳೆಂದೇ ಎಣಿಸುತ್ತಾರೆ. ಇದಲ್ಲದೆ 40(ಎ)(ಐಎ) ಪ್ರಕಾರ ಆ ಖರ್ಚಿನ ಶೇ 30, ಇಲ್ಲಿ 7,200 ರೂ., ಆ ವರ್ಷದ ಲೆಕ್ಕದಲ್ಲಿ ಒಪ್ಪುವುದಿಲ್ಲ.

ಬನಹಟ್ಟಿ_ಮಗ್ಗ
ಸಾಲ ಕೊಟ್ಟವರು "ನನ್ನ ಬಡ್ಡಿಯಾಗ ಒಂದು ರೂಪಾಯಿ ಮುರೀಬ್ಯಾಡ್ರಿ" ಅಂತಾರ. ತೆರಿಗೆ ಕಡಿಬ್ಯಾಡ್ರಿ ಅಂತ ಘೋಷಣೆ ಮಾಡೋ 15ಜಿ ಫಾರ್ಮ್ ಕೊಟ್ರ ನಡೀತೈತೇನ್ರಿ?

ಟಿಡಿಎಸ್_ವಿಜಯಪುರ
15ಜಿ ಕೊಡುವವರ ವರ್ಷದ ಒಟ್ಟು ಆದಾಯದ ಮೇಲಿನ ತೆರಿಗೆ ಸೊನ್ನೆ ಇರಬೇಕು. ವ್ಯಾಪಾರ ಮಾಡುತ್ತಾ ತೆರಿಗೆ ಕಟ್ಟುವವರು ಅದನ್ನು ಸಹಿ ಮಾಡಿ ಕೊಟ್ಟರೆ ಸುಳ್ಳು ಘೋಷಣೆ ಆಗುತ್ತದೆ. ಅವರಿಗೆ ಹೀಗೆ ತಿಳಿಸಿ ಹೇಳಿ: 2,400 ಕಳೆದುಹೋಗುವುದಿಲ್ಲ, 26ಎಎಸ್‌ನಲ್ಲಿ (ಅವರ ತೆರಿಗೆ ಜಮೆಯ ಪಟ್ಟಿ) ಅವರ ಹೆಸರಿಗೆ ಕಾಣುತ್ತದೆ, ಅವರ ತೆರಿಗೆಯಲ್ಲಿ ವಜಾ ಆಗುತ್ತದೆ. ಪ್ಯಾನ್ ಕೊಡದಿದ್ದರೆ ಶೇ 10ರ ಬದಲು ಶೇ 20 ಎಂಬುದನ್ನೂ ತಿಳಿಸಿ. ಮಾಲೀಕರ ಬಳಿ ಟ್ಯಾನ್ (ತೆರಿಗೆ ಕಡಿಯುವವರ ನೋಂದಣಿ ಸಂಖ್ಯೆ) ಇಲ್ಲದಿದ್ದರೆ ಇವತ್ತೇ ಅರ್ಜಿ ಹಾಕಿಸಿ, ಅದಿಲ್ಲದೆ ಚಲನ್ ಕಟ್ಟಲಾಗದು.

ಕೀರ್ದಿ_ಖಾತೆ
ಜೂನ್‌ದಾಗ ಕೊಡೋ ಎಂಟ್ರಿನೂ ಬರದು ಇಡ್ತೀನಿ. ಪ್ರೊನೋಟ್ ಸಾಲ ಡೆಬಿಟ್ 6,00,000, ಕೊಡಬೇಕಾದ ಬಡ್ಡಿ ಡೆಬಿಟ್ 21,600, ಬಡ್ಡಿ ಖರ್ಚು ಡೆಬಿಟ್ 12,000. ಕ್ರೆಡಿಟ್ ಕಡೆ ಟಿಡಿಎಸ್ ಬಾಕಿ 1,200, ಬ್ಯಾಂಕ್ 6,32,400. ಎರಡೂ ಕಡೆ 6,33,600.

ಕೆಲವು ಕಡೆ ಏಪ್ರಿಲ್ 1ಕ್ಕ ಮಾರ್ಚ್ ಎಂಟ್ರೀನ ಉಲ್ಟಾ ಹೊಡದು, ಜೂನ್‌ದಾಗ ಪೂರ್ತಿ 36,000 ಖರ್ಚು ಹಾಕ್ತಾರ. ಬಾಕಿ ಬರಿಯೋವಾಗ ಟಿಡಿಎಸ್ ಕಡಿಯದ ಕಡೆ, ಅಂದ್ರ ಕರೆಂಟ್ ಬಿಲ್, ಪಗಾರಿನಂಥ ಬಾಕಿಗೆ ಅದು ಸಲೀಸು. ಇಲ್ಲಿ ಬ್ಯಾಡ್ರಿ. ಉಲ್ಟಾ ಹೊಡಿಯೋವಾಗ 2,400ರ ಟಿಡಿಎಸ್ ಕ್ರೆಡಿಟ್ಟೂ ಅಳಿಸಿಹೋಗತೈತಿ, ಚಲನ್ ಕಟ್ಟಿದ ಮ್ಯಾಲ ಆ ಲೆಡ್ಜರ್ ಡೆಬಿಟ್ ಬಾಕಿ ತೋರಸ್ತೈತಿ. ಜೂನ್‌ದಾಗ 36,000ದ ಮ್ಯಾಲ ಮತ್ತೊಮ್ಮೆ 3,600 ಕಡದು ಎರಡು ಸಲ ಕಟ್ಟೋ ಅಪಾಯಾನೂ ಐತಿ.

ಇನ್ನೊಂದು, ಕೊಡೋ ದಿನ ಜೂನ್ 1 ಅಲ್ಲ. ಬೇಡಿದಾಗ ಕೊಡೋ ನೋಟ್ ಬಿಟ್ಟು ಮುದ್ದತಿನ ನೋಟಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 22ನೇ ಕಲಂ ಪ್ರಕಾರ ಮೂರು ದಿನದ ರಿಯಾಯತಿ ಐತಿ, ಅಂದ್ರ 2025ರ ಜೂನ್ 4. ಬಡ್ಡಿ ಮಾತ್ರ ರೊಕ್ಕ ಮುಟ್ಟೋ ತನಕ ನಡೀತೈತಿ. ಜೂನ್ 4ಕ್ಕ ಕೊಟ್ರ ಮೂರು ದಿನಕ್ಕ ಇನ್ನೂ 591 ರೂ. 78 ಪೈಸೆ. ಅದು ಜೂನ್ ಖರ್ಚು. ಅದರ ಟಿಡಿಎಸ್ 1,200ಕ್ಕ ಕೂಡಿಸಿ ಕಡೀರಿ.

ತಿಕೋಟಾ_ದ್ರಾಕ್ಷಿ
ಒಂದು ಸಂಶಯ ಐತ್ರಿ. ಒಣದ್ರಾಕ್ಷಿ ವ್ಯಾಪಾರದಾಗ ಮುದ್ದತು ಬರಿಯದ ಪ್ರೊನೋಟ್ ಭಾಳ. "ಬೇಡಿದಾಗ ಕೊಡತೀನಿ" ಅಂತ ಇರತೈತಿ, ಬಡ್ಡಿ ದೀಪಾವಳಿ ಪಾಡ್ಯಕ್ಕ ಮುಟ್ಟಸೋದು, ಅಸಲು ನಾಲ್ಕೈದು ವರ್ಷ ಹಂಗ ನಡೀತಿರತೈತಿ. ಇಂಥದು ದೀರ್ಘಾವಧಿ ಸಾಲ ಅನಸ್ಕೋತೈತೋ ಇಲ್ಲೋ?

ಉದ್ಯಮಬಾಗ_ಲೆಕ್ಕ
ಅನಿಸಿಕೊಳ್ಳಲ್ಲ. ಕೊಟ್ಟವರು ನಾಳೆ ಬೆಳಿಗ್ಗೆ ಬಂದು ಕೇಳಿದರೆ ಕೊಡಬೇಕಲ್ಲ? ಬ್ಯಾಲೆನ್ಸ್ ಶೀಟ್ ದಿನದಿಂದ ಹನ್ನೆರಡು ತಿಂಗಳು ಕೊಡದೆ ಇರುವ ಹಕ್ಕು ಸಾಲಗಾರನಿಗೆ ಕಾಗದದ ಮೇಲೆ ಇಲ್ಲದಿದ್ದರೆ ಅದು ಚಾಲ್ತಿ ಹೊಣೆ. ಐದು ವರ್ಷ ಅವರು ಕೇಳಲಿಲ್ಲ ಅನ್ನುವುದು ಅವರ ಸೌಜನ್ಯ, ನಿಮ್ಮ ಹಕ್ಕಲ್ಲ. ಕಂಪನಿಗಳಿಗೆ ಕಂಪನಿ ಕಾಯ್ದೆಯ ಶೆಡ್ಯೂಲ್ 3 ಇದನ್ನೇ ಹೇಳುತ್ತದೆ. ಪ್ರೊಪ್ರೈಟರುಗಳಿಗೆ ಆ ಶೆಡ್ಯೂಲ್ ಕಟ್ಟುನಿಟ್ಟಲ್ಲ, ಆದರೆ ಸಾಲಕ್ಕಾಗಿ ಬ್ಯಾಂಕ್ ಕೇಳುವ ಸಿಎಂಎ ಎಂಬ ಅಂಕಿಅಂಶದ ನಮೂನೆಯಲ್ಲಿ ಅದೇ ವಿಂಗಡಣೆ ಬೇಕು. ದೀರ್ಘಾವಧಿ ಅಂತ ತೋರಿಸಬೇಕೆಂದಿದ್ದರೆ, ಬ್ಯಾಲೆನ್ಸ್ ಶೀಟ್ ದಿನಕ್ಕಿಂತ ಮೊದಲೇ ಮುದ್ದತು ಬರೆದ ಹೊಸ ನೋಟ್ ಮಾಡಿಸಬೇಕು. ಏಪ್ರಿಲ್‌ನಲ್ಲಿ ಮಾಡಿಸಿದ ನೋಟ್ ಮಾರ್ಚ್ 31ರ ಸ್ಥಿತಿಯನ್ನು ಬದಲಿಸದು.

ಅಡತಿ_ಅಂಗಡಿ
ಪಾಡ್ಯದ ಬಡ್ಡಿ ಬಗ್ಗೆ ನಾ ಹೇಳ್ತೀನಿ. ಹೋದ ಪಾಡ್ಯ 2024ರ ನವೆಂಬರ್ 2. ಅವತ್ತಿನ ಮಟ ಬಡ್ಡಿ ಚುಕ್ತಾ ಆಗಿದ್ರ, 4,00,000 ಅಸಲು, ಒಂದೂವರೆ ರೂಪಾಯಿ ಬಡ್ಡಿ ಅಂದ್ರ ಶೇ 18: ವರ್ಷಕ್ಕ 72,000. ನವೆಂಬರ್ 2ರಿಂದ ಮಾರ್ಚ್ 31ಕ್ಕ 150 ದಿನ. 29,589 ರೂ. 4 ಪೈಸೆ ಮಾರ್ಚ್ 31ಕ್ಕ ಬಾಕಿ ಬಡ್ಡಿ.

ಪಾಡ್ಯದಿಂದ ಪಾಡ್ಯಕ್ಕ 365 ದಿನ ಇರಂಗಿಲ್ಲ. ಈ ಸಲ 2025ರ ಅಕ್ಟೋಬರ್ 22ಕ್ಕ ಬರತೈತಿ, ನಡುವ 354 ದಿನ ಅಷ್ಟ. ಅಧಿಕ ಮಾಸ ಬಿದ್ದ ವರ್ಷ 380 ದಾಟತೈತಿ. "ವರ್ಷದ ಬಡ್ಡಿ 72,000" ಅಂತ ಕಣ್ಣು ಮುಚ್ಚಿ ಬರದ್ರ ಒಬ್ರಿಗೆ ಹೆಚ್ಚು ಒಬ್ರಿಗೆ ಕಡಿಮಿ ಆಗತೈತಿ. ಹಿರ್ಯಾರ ಕಾಲದಾಗ ಪುಸ್ತಕಾನೂ ಪಾಡ್ಯಕ್ಕ ಮುಗೀತಿತ್ತು, ಹೊಂದ್ತಿತ್ತು. ಈಗ ಪೂಜಾ ಪಾಡ್ಯಕ್ಕ ಮಾಡಿದ್ರೂ ಲೆಕ್ಕ ಮಾರ್ಚ್‌ಗೆ ಮುಗಸ್ತೀವಿ, ಅದಕ್ಕ ಆ ಐದು ತಿಂಗಳ ಬಡ್ಡಿ ಪ್ರತಿ ವರ್ಷ ಬಿಟ್ಟುಹೋಗತೈತಿ.

ತಿಕೋಟಾ_ದ್ರಾಕ್ಷಿ
ಆ ನೋಟ್ 2021ರದ್ದು. ಅವಧಿ ಮೀರಿದಂಗ ಆಗಂಗಿಲ್ಲೇನ್ರಿ?

ಉದ್ಯಮಬಾಗ_ಲೆಕ್ಕ
ಬೇಡಿದಾಗ ಕೊಡುವ ನೋಟಿಗೆ ದಾವೆಯ ಅವಧಿ ನೋಟಿನ ತಾರೀಖಿನಿಂದ ಮೂರು ವರ್ಷ. ಆದರೆ ಆ ಅವಧಿ ಮುಗಿಯುವ ಮೊದಲು ಬಡ್ಡಿ ಕೊಟ್ಟು, ಆ ಪಾವತಿ ಸಾಲಗಾರನ ಕೈಬರಹದಲ್ಲಿ ಅಥವಾ ಅವನ ಸಹಿಯ ಬರಹದಲ್ಲಿ ದಾಖಲಾಗಿದ್ದರೆ ಆ ದಿನದಿಂದ ಹೊಸ ಮೂರು ವರ್ಷ. ಸಾಲ ಒಪ್ಪಿಕೊಂಡು ಸಹಿ ಮಾಡಿದ ಬರಹಕ್ಕೂ ಅದೇ. ನೋಟಿನ ಹಿಂಬದಿಯಲ್ಲಿ "ಇಂಥ ದಿನ ಇಷ್ಟು ಬಡ್ಡಿ ಪಾವತಿ" ಎಂದು ಬರೆದು ಸಹಿ ಹಾಕುವ ರೂಢಿ ಇದಕ್ಕೇ ಬಂದದ್ದು. ಲೆಕ್ಕ ಬರೆಯುವವರಿಗೆ ಇಷ್ಟು ಸಾಕು: ಅವಧಿ ಮೀರಿತು ಎಂಬ ಒಂದೇ ಕಾರಣಕ್ಕೆ ಸಾಲವನ್ನು ಪುಸ್ತಕದಿಂದ ತೆಗೆದು ಆದಾಯಕ್ಕೆ ಹಾಕಬೇಡಿ. ಅವಧಿ ಮೀರಿದರೆ ದಾವೆಯ ದಾರಿ ಮುಚ್ಚುತ್ತದೆ, ಸಾಲ ಅಳಿಯುವುದಿಲ್ಲ.

ರೆವಿನ್ಯೂ ಸ್ಟಾಂಪ್ ಇದೆಯೇ, ಸಹಿ ಅದರ ಮೇಲೆ ಅಡ್ಡ ಬಿದ್ದಿದೆಯೇ ನೋಡಿ. ಬೇರೆ ಕಾಗದಗಳಿಗೆ ಸ್ಟಾಂಪ್ ಕಡಿಮೆ ಬಿದ್ದರೆ ದಂಡ ಕಟ್ಟಿ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಾಜರು ಮಾಡಬಹುದು, ಪ್ರೊನೋಟಿಗೆ ಆ ಸೌಲಭ್ಯವಿಲ್ಲ.

ಬಿಕಾಂ_ಮೂರನೇ_ವರ್ಷ
ಸರ್, ನಾನು ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಕಾಲೇಜಿನ ವಿದ್ಯಾರ್ಥಿನಿ. ಅಂತರ್ಜಾಲದಲ್ಲಿ 'ನೋಟ್ಸ್ ಪೇಯಬಲ್' ಲೆಕ್ಕಗಳನ್ನು ಬಿಡಿಸುವಾಗ ವರ್ಷಕ್ಕೆ 360 ದಿನ ಹಿಡಿದಿದ್ದಾರೆ. ನಮ್ಮ ಪುಸ್ತಕದಲ್ಲಿ 'ಬಿಲ್ಸ್ ಪೇಯಬಲ್' ಇದೆ. ಎರಡೂ ಒಂದೇನಾ?

ಕೀರ್ದಿ_ಖಾತೆ
ತಂಗಿ, ಹತ್ತಿರದವು, ಒಂದೇ ಅಲ್ಲ. ಪ್ರೊನೋಟ್ ಅಂದ್ರ ಸಾಲಗಾರ ತಾನೇ ಬರದು ಕೊಡೋ ವಚನ, ಅದರಾಗ ಇಬ್ರು: ಬರದವ, ತಗೊಳ್ಳಾವ. ಬಿಲ್ ಅಂದ್ರ ಮಾಲು ಕೊಟ್ಟಾವ "ಇಷ್ಟು ಕೊಡು" ಅಂತ ಬರಿಯೋ ಆಜ್ಞೆ, ಅದನ್ನ ಕೊಳ್ಳಾವ ಸಹಿ ಹಾಕಿ ಒಪ್ಪತಾನ. ನಮ್ಮ ಪಠ್ಯದಾಗ ಎರಡನ್ನೂ 'ಬಿಲ್ಸ್ ಪೇಯಬಲ್' ಅಡಿ ಕಲಸ್ತಾರ, ಅವು ಬಹಳ ಮಟ್ಟಿಗೆ ಸರಕಿನ ಉದ್ರಿಗೆ ಹುಟ್ಟಿದ್ದು, ಬಡ್ಡಿ ಬ್ಯಾರೆ ಬರದಿರಂಗಿಲ್ಲ. ಅಮೆರಿಕದ ಪುಸ್ತಕದ ನೋಟ್ ಹೆಚ್ಚಾಗಿ ಬ್ಯಾಂಕಿನಿಂದ ತಂದ ಬಡ್ಡಿ ಸಾಲ. ಅಲ್ಲಿ 360 ಹಿಡದ್ರ ಮೇಲಿನ 121 ದಿನಕ್ಕ 24,200 ಬರತೈತಿ, 365 ಹಿಡದ್ರ 23,868. ಪರೀಕ್ಷೆಯಾಗ ಪ್ರಶ್ನೆ ಹೇಳಿದ್ದ ಹಿಡಿ, ಇಲ್ಲಿನ ವ್ಯವಹಾರಕ್ಕ 365.

ಬಡ್ಡಿ ಮೊದಲೇ ಕಡದು ಕೊಡೋ ನೋಟೂ ನಿನ್ನ ಪುಸ್ತಕದಾಗ ಸಿಗತೈತಿ, ನಮ್ಮ ಪ್ಯಾಟಿಯಾಗೂ ಐತಿ. ನೋಟ್ 6,00,000ಕ್ಕ, ಕೈಗೆ ಬಂದದ್ದು 5,64,000. ಆ 36,000 ಅವತ್ತೇ ಖರ್ಚು ಅಲ್ಲ. ಬ್ಯಾಂಕ್ ಡೆಬಿಟ್ 5,64,000, 'ನೋಟಿನ ಸೋಡಿ' (ಮೊದಲೇ ಕಡಕೊಂಡ ಬಡ್ಡಿ) ಡೆಬಿಟ್ 36,000, ನೋಟ್ ಕ್ರೆಡಿಟ್ 6,00,000. ಮಾರ್ಚ್ 31ಕ್ಕ 24,000 ಬಡ್ಡಿ ಖರ್ಚಿಗೆ ವರ್ಗಾಯಿಸು. ಉಳಿದ 12,000ನ್ನ ನೋಟಿನಿಂದ ಕಳದು ಬ್ಯಾಲೆನ್ಸ್ ಶೀಟಿನಾಗ 5,88,000 ತೋರಿಸು. ಇಲ್ಲಿ 'ಕೊಡಬೇಕಾದ ಬಡ್ಡಿ' ಲೆಡ್ಜರ್ ಹುಟ್ಟಂಗೇ ಇಲ್ಲ, ಹೊಣೆ ತಾನೇ ತಿಂಗಳಿಗೆ 6,000ದಂಗ ಬೆಳೀತೈತಿ. ಶೇ 12 ಅಂತ ಹೇಳಿದ್ರೂ ಆರು ತಿಂಗಳು ಬಳಸಿದ್ದು 5,64,000 ಅಷ್ಟ ಆದ್ದರಿಂದ ನಿಜವಾದ ದರ ವರ್ಷಕ್ಕ ಶೇ 12.77 ಬೀಳತೈತಿ.

ಉದ್ಯಮಬಾಗ_ಲೆಕ್ಕ
ಬೆಳಗಾವಿ ಕಡೆ ಫೌಂಡ್ರಿ, ಮಷೀನ್ ಶಾಪ್ ಲೆಕ್ಕ ಬರೆಯುವವರಿಗೆ ಟರ್ಮ್ ಲೋನಿನ ಕಂತು ದೊಡ್ಡ ಪ್ರಶ್ನೆ, ಅದನ್ನೂ ಇಲ್ಲೇ ಸೇರಿಸುತ್ತೇನೆ.

ಸಿಎನ್‌ಸಿ ಮಷೀನಿಗೆ 30,00,000 ಸಾಲ, 60 ತಿಂಗಳು, ಅಸಲು ತಿಂಗಳಿಗೆ 50,000, ಪ್ರತಿ ತಿಂಗಳು 10ನೇ ತಾರೀಖು, ಮೊದಲ ಕಂತು 2024ರ ಏಪ್ರಿಲ್ ಅಂದುಕೊಳ್ಳಿ. ಮಾರ್ಚ್ 31ಕ್ಕೆ ಹನ್ನೆರಡು ಕಂತು ಮುಗಿದು 24,00,000 ಉಳಿದಿದೆ. ಅದರಲ್ಲಿ ಮುಂದಿನ ಹನ್ನೆರಡು ತಿಂಗಳ 6,00,000 ಚಾಲ್ತಿ, 18,00,000 ದೀರ್ಘಾವಧಿ. 2021ರ ಏಪ್ರಿಲ್‌ನಿಂದ ಕಂಪನಿಗಳು ಈ 6,00,000ನ್ನು ಅಲ್ಪಾವಧಿ ಸಾಲದ ಸಾಲಿನಲ್ಲಿ ತೋರಿಸಬೇಕು, ಮೊದಲಿನಂತೆ 'ಇತರ ಚಾಲ್ತಿ ಹೊಣೆ'ಯಲ್ಲಿ ಅಲ್ಲ. ಟ್ಯಾಲಿ ಇದನ್ನು ತಾನಾಗಿ ಒಡೆಯುವುದಿಲ್ಲ, 24,00,000 ಇಡಿಯಾಗಿ 'ಸೆಕ್ಯೂರ್ಡ್ ಲೋನ್ಸ್' ಕೆಳಗೆ ಕೂರುತ್ತದೆ. ಇಎಂಐ ಪದ್ಧತಿಯಾದರೆ ಕಂತನ್ನು ಹನ್ನೆರಡರಿಂದ ಗುಣಿಸಬೇಡಿ, ಅದರಲ್ಲಿ ಮುಂದಿನ ವರ್ಷದ ಬಡ್ಡಿಯೂ ಇರುತ್ತದೆ. ಇನ್ನೂ ಹುಟ್ಟದ ಬಡ್ಡಿ ಹೊಣೆಯಲ್ಲ. ಸಾಲ ಕೊಟ್ಟವರಿಂದ ಮರುಪಾವತಿ ಪಟ್ಟಿ ತರಿಸಿ ಅಸಲಿನ ಕಾಲಂ ಮಾತ್ರ ಕೂಡಿಸಿ.

ಬಡ್ಡಿ ಮಾರ್ಚ್ 10ರ ಕಂತಿನೊಂದಿಗೆ ಮಾರ್ಚ್ 9ರವರೆಗಿನದು ಮುಗಿದಿದ್ದರೆ, 10ರಿಂದ 31ಕ್ಕೆ 22 ದಿನದ ಬಡ್ಡಿ ಬಾಕಿ. ಶೇ 10.5ಕ್ಕೆ 15,189 ರೂ. 4 ಪೈಸೆ. ಬ್ಯಾಂಕುಗಳು ತಿಂಗಳ ಕೊನೆಗೆ ಬಡ್ಡಿ ಹಾಕುವುದರಿಂದ ಅಲ್ಲಿ ಈ ಬಾಕಿ ಸಾಮಾನ್ಯವಾಗಿ ಬರುವುದಿಲ್ಲ, ಫೈನಾನ್ಸ್ ಕಂಪನಿಗಳ ಸಾಲದಲ್ಲಿ ಬರುತ್ತದೆ. ಬ್ಯಾಂಕಿಗೆ ಕೊಡುವ ಬಡ್ಡಿಗೆ ಟಿಡಿಎಸ್ ಇಲ್ಲ, ಫೈನಾನ್ಸ್ ಕಂಪನಿಗೆ ಕೊಡುವ ಬಡ್ಡಿಗೆ ಇದೆ. ಇಎಂಐ ತಾನಾಗಿ ಖಾತೆಯಿಂದ ಹೋಗುವುದರಿಂದ ಇದನ್ನು ಮರೆಯುವವರು ಬಹಳ.

ಇನ್ನೂ ಒಂದು ವ್ಯತ್ಯಾಸ. ಬ್ಯಾಂಕಿನ ಬಾಕಿ ಬಡ್ಡಿ ಪುಸ್ತಕದಲ್ಲಿ ಖರ್ಚಾದರೂ, ಆದಾಯ ತೆರಿಗೆ ಕಾಯ್ದೆಯ 43ಬಿ ಪ್ರಕಾರ ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದೊಳಗೆ ನಿಜವಾಗಿ ಕಟ್ಟಿದರೆ ಮಾತ್ರ ಆ ವರ್ಷದ ತೆರಿಗೆಯಲ್ಲಿ ಸಿಗುತ್ತದೆ. ಕಟ್ಟದ ಬಡ್ಡಿಯನ್ನು ಬ್ಯಾಂಕ್ ಹೊಸ ಸಾಲವಾಗಿ ಪರಿವರ್ತಿಸಿದರೆ ಅದು ಪಾವತಿ ಅಲ್ಲ. ಪರಿಚಯಸ್ಥರ ಪ್ರೊನೋಟಿನ ಬಡ್ಡಿಗೆ ಈ ಷರತ್ತಿಲ್ಲ.

ಕಬ್ಬಿನ_ಬಿಲ್
ಸಕ್ಕರೆ ಕಾರ್ಖಾನೆ ಲೆಕ್ಕದವರಿಗೆ ಒಂದು ಮಾತು. ಕಬ್ಬಿನ ಬಿಲ್ ಚಾಲ್ತಿ ಹೊಣೆ ಅಂತ ಎಲ್ಲಾರೂ ಬರೀತಾರ, ಅದರ ಬಡ್ಡಿ ಬಿಡ್ತಾರ. ಕಬ್ಬು (ನಿಯಂತ್ರಣ) ಆದೇಶ, 1966ರ ಪ್ರಕಾರ ಕಬ್ಬು ಮುಟ್ಟಿದ 14 ದಿನದಾಗ ರೊಕ್ಕ ಕೊಡಬೇಕು, ತಡಾ ಆದ್ರ ವರ್ಷಕ್ಕ ಶೇ 15 ಬಡ್ಡಿ. 2 ಕೋಟಿ ಬಾಕಿ, 14 ದಿನ ದಾಟಿ 40 ದಿನ ಆಗಿದ್ರ 3,28,767 ರೂ. ರೈತ ಕೇಳಿಲ್ಲ ಅಂತ ಬಿಡೋದು ಸರಿ ಅಲ್ಲ, ಆದೇಶದಿಂದ ಹುಟ್ಟಿದ ಹೊಣೆ ಅದು. ಬೆವರು ಸುರಿಸಿ ಬೆಳದವರ ರೊಕ್ಕ, ಪುಸ್ತಕದಾಗಾದ್ರೂ ನೆಟ್ಟಗ ಕಾಣಲಿ.

ಉದ್ಯಮಬಾಗ_ಲೆಕ್ಕ
ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಿಂದ ಮಾಲು ತರುವವರಿಗೂ ಇಂಥದ್ದೇ ನಿಯಮ. ಬರಹದ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಚಕ್ರಬಡ್ಡಿ. 2025ರ ಮಾರ್ಚ್‌ನಲ್ಲಿ ಆ ದರ ಶೇ 6.5 ಇತ್ತು, ಅಂದರೆ ಶೇ 19.5. ಈ ಬಡ್ಡಿ ತೆರಿಗೆಯಲ್ಲಿ ಖರ್ಚಾಗಿ ಸಿಗುವುದಿಲ್ಲ. ಪುಸ್ತಕದಲ್ಲಿ ಮಾತ್ರ ಬರೆಯಲೇಬೇಕು.

ಬನಹಟ್ಟಿ_ಮಗ್ಗ
ಎಲ್ಲಾರಿಗೂ ಧನ್ಯವಾದ್ರಿ. ಎಂಟ್ರಿ ಹಾಕಿದೆ. ಚಾಲ್ತಿ ಆಸ್ತಿ 40 ಲಕ್ಷ. ಮೊದಲು ಚಾಲ್ತಿ ಹೊಣೆ 30 ಲಕ್ಷ ಇತ್ತು, ಪ್ರೊನೋಟ್ ದೀರ್ಘಾವಧಿಯಾಗ ಕುಂತಿತ್ತು, ಬ್ಯಾಂಕಿನವರು ಕೇಳೋ ಚಾಲ್ತಿ ಅನುಪಾತ (ಚಾಲ್ತಿ ಆಸ್ತೀನ ಚಾಲ್ತಿ ಹೊಣೆಯಿಂದ ಭಾಗಿಸಿದ್ದು) 1.33 ಸರಿಯಾಗಿ ಬರ್ತಿತ್ತು. ಈಗ ಆರು ತಿಂಗಳ ನೋಟನ್ನ ಚಾಲ್ತಿ ಹೊಣೆಗೆ ತಂದಮ್ಯಾಲ ಬಡ್ಡಿ ಸಹಿತ 6,24,000 ಕೂಡಿ 36,24,000 ಆತು, ಅನುಪಾತ 1.10ಕ್ಕ ಇಳೀತು. ಮಾಲಕರು ನೋಟ್ ಮದಲಿನ ಜಾಗಾಕ್ಕ ಹಾಕು ಅಂತಾರ.

ಉದ್ಯಮಬಾಗ_ಲೆಕ್ಕ
ಹಾಕಬೇಡಿ. ಜೂನ್‌ನಲ್ಲಿ 6,32,400 ಖಾತೆಯಿಂದ ಹೋದಾಗ ಬ್ಯಾಂಕಿನವರು ಸಿಸಿ ಖಾತೆಯಲ್ಲಿ ಅದನ್ನು ನೋಡುತ್ತಾರೆ. ಮೂರು ತಿಂಗಳ ಹಿಂದೆ ದೀರ್ಘಾವಧಿ ಎಂದು ತೋರಿಸಿದ್ದು ಆಗ ಅವರಿಗೆ ಗೊತ್ತಾಗುತ್ತದೆ. ಮಾಲೀಕರಿಗೆ ಎರಡು ದಾರಿ ಹೇಳಿ: ನೂಲಿನ ಸಾಲವನ್ನು ತೀರಿಸುವಷ್ಟು ಸ್ವಂತ ಬಂಡವಾಳ ತರುವುದು, ಅಥವಾ ಈಗಿನ ಅಂಕಿಯನ್ನೇ ಕೊಟ್ಟು, ಸೀರೆ ಮಾರಾಟದ ಬಾಕಿ ಯಾವ ತಿಂಗಳು ಬರುತ್ತದೆ ಎಂಬ ಪಟ್ಟಿಯನ್ನು ಜೊತೆಗೆ ಇಡುವುದು.

ಟಿಡಿಎಸ್_ವಿಜಯಪುರ
ಚಲನ್ ಕಟ್ಟುವ ಮುನ್ನ ಒಂದು ವಿಷಯ ನೋಡಿಕೊಳ್ಳಿ. 2,400 ರೂ. ಏಪ್ರಿಲ್‌ನಲ್ಲಿ ಕಟ್ಟಿದರೂ ಕಡಿತ ಮಾರ್ಚ್‌ದು. ಅಸೆಸ್‌ಮೆಂಟ್ ವರ್ಷ (ಲೆಕ್ಕದ ವರ್ಷದ ಮರುವರ್ಷ) 2025-26 ಆರಿಸಿ, 2026-27 ಅಲ್ಲ. ಸೆಕ್ಷನ್ ಕೋಡ್ 94ಎ. ವರ್ಷ ತಪ್ಪಿದರೆ ನಾಲ್ಕನೇ ತ್ರೈಮಾಸಿಕದ 26ಕ್ಯೂಗೆ ಆ ಚಲನ್ ಹೊಂದುವುದಿಲ್ಲ, ಸಾಲ ಕೊಟ್ಟವರ 26ಎಎಸ್‌ನಲ್ಲಿಯೂ 2,400 ಕಾಣುವುದಿಲ್ಲ. ಜೂನ್‌ನ 1,200ಕ್ಕೆ ಮಾತ್ರ 2026-27, ಅದನ್ನು ಜುಲೈ 7ರೊಳಗೆ ಕಟ್ಟಿ.

ಬನಹಟ್ಟಿ_ಮಗ್ಗ
2026-27 ಅಂತಲೇ ಆರಿಸಿ ಇಟ್ಟಿದ್ದೆ, ರೊಕ್ಕ ಇನ್ನೂ ಕಟ್ಟಿರಲಿಲ್ಲ. ಬದಲಿಸಿದೆ ಸರ್.